ಅರ್ಧ ತರಗತಿ, ಅರ್ಧ ಕಾರ್ಖಾನೆ: ಕಲಿಕೆಯ ಹೊಣೆ ಯಾರದು?

1974ರ ಅಕ್ಟೋಬರ್‌ನಲ್ಲಿ ಜರ್ಮನಿಯ ನೈಋತ್ಯ ಭಾಗದ ಸ್ಟುಟ್‌ಗಾರ್ಟ್ ಮತ್ತು ಮಾನ್‌ಹೈಮ್ ನಗರಗಳಲ್ಲಿ ಹೊಸ ಬಗೆಯ ಕಾಲೇಜು ಶುರುವಾಯಿತು. ಅದನ್ನು ಬೇಡಿದವರು ಪ್ರಾಧ್ಯಾಪಕರಲ್ಲ, ವಿದ್ಯಾರ್ಥಿ ಸಂಘಗಳೂ ಅಲ್ಲ. ಡೈಮ್ಲರ್-ಬೆಂಜ್, ಬಾಷ್, ಸ್ಟ್ಯಾಂಡರ್ಡ್ ಎಲೆಕ್ಟ್ರಿಕ್ ಲೊರೆಂಜ್ ಎಂಬ ಮೂರು ಕಂಪನಿಗಳು ಸ್ಥಳೀಯ ವಾಣಿಜ್ಯೋದ್ಯಮ ಮಂಡಳಿಯನ್ನು ಜೊತೆಗಿಟ್ಟುಕೊಂಡು ಒಂದು ಯೋಜನೆ ಬರೆದವು. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಸರ್ಕಾರ ಅದನ್ನು ಒಪ್ಪಿತು. ‘ಬೆರುಫ್ಸ್‌ಅಕಾಡೆಮಿ’ ಎಂಬ ಹೆಸರಿನ ಆ ಸಂಸ್ಥೆಯಲ್ಲಿ ಹುಡುಗರು ಒಂದಷ್ಟು ಕಾಲ ಪಾಠ ಕೇಳುತ್ತಿದ್ದರು, ಮತ್ತೊಂದಷ್ಟು ಕಾಲ ತಮ್ಮನ್ನು ಆರಿಸಿಕೊಂಡ ಕಂಪನಿಯಲ್ಲಿ ಕೆಲಸ ಕಲಿಯುತ್ತಿದ್ದರು. ತರಗತಿಯಲ್ಲಿದ್ದ ತಿಂಗಳಿಗೂ ಕಂಪನಿಯೇ ಸಂಬಳ ಕೊಡುತ್ತಿತ್ತು.

ಆ ಪ್ರಯೋಗ 1982ರಲ್ಲಿ ಕಾಯ್ದೆಯ ಬಲದಿಂದ ಕಾಯಂ ಆಯಿತು. 2009ರ ಮಾರ್ಚ್‌ನಲ್ಲಿ ‘ಡುಆಲೆ ಹೋಖ್‌ಶೂಲೆ ಬಾಡೆನ್-ವುರ್ಟೆಂಬರ್ಗ್’ ಎಂಬ ಪೂರ್ಣಪ್ರಮಾಣದ ಉನ್ನತ ಶಿಕ್ಷಣ ಸಂಸ್ಥೆಯಾಗಿ ಬೆಳೆಯಿತು. ಈಗ ಅಲ್ಲಿ ಓದುವವರು ಸುಮಾರು 34 ಸಾವಿರ, ಜೊತೆಗೂಡಿರುವ ಕಂಪನಿ ಮತ್ತು ಸಂಸ್ಥೆಗಳು ಸುಮಾರು 9 ಸಾವಿರ. ಇಡೀ ಜರ್ಮನಿಯಲ್ಲಿ ಇಂಥ ಜೋಡಿ ವ್ಯಾಸಂಗ ಮಾಡುತ್ತಿದ್ದವರು 2004ರಲ್ಲಿ 41 ಸಾವಿರದಷ್ಟಿದ್ದರು. 2019ರ ಹೊತ್ತಿಗೆ ಒಂದು ಲಕ್ಷ ದಾಟಿದ್ದರು. ಬೇರೆ ರಾಜ್ಯಗಳೂ ಇದೇ ಮಾದರಿಯ ವಿಶ್ವವಿದ್ಯಾಲಯಗಳನ್ನು ಕಟ್ಟಿಕೊಂಡಿವೆ: ಥುರಿಂಗಿಯಾ 2016ರಲ್ಲಿ, ಶ್ಲೆಸ್ವಿಗ್-ಹೋಲ್ಸ್ಟೈನ್ 2018ರಲ್ಲಿ.

ಈಗ ಭಾರತವೂ ಈ ದಾರಿಯಲ್ಲಿ ಹೆಜ್ಜೆ ಇಟ್ಟಿದೆ, ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳೂ ಇಟ್ಟಿವೆ. ಹಾಗಾಗಿ ಜರ್ಮನಿಯ ಐವತ್ತು ವರ್ಷಗಳ ಅನುಭವವನ್ನು ನಾವು ಹತ್ತಿರದಿಂದ ನೋಡಬೇಕು. ‘ಕಲಿಕೆಯ ಜೊತೆ ಗಳಿಕೆ’ ಎಂಬ ಘೋಷಣೆ ಕೇಳಲು ಚೆನ್ನಾಗಿದೆ, ಬಡವರ ಮನೆಗೆ ಅದು ಬಹಳ ದೊಡ್ಡ ಮಾತು ಕೂಡ. ಆದರೆ ಈ ವ್ಯವಸ್ಥೆ ಗೆದ್ದ ಕಡೆ ಅದನ್ನು ಗೆಲ್ಲಿಸಿದ್ದು ಸಂಬಳ ಮಾತ್ರವಲ್ಲ ಎಂಬುದು ನನ್ನ ನಂಬಿಕೆ. ಕಂಪನಿಯ ಗೇಟಿನೊಳಗೆ ಹೋದ ಹುಡುಗಿಗೆ ಅಲ್ಲಿ ಕಲಿಸುವವರು ಯಾರು, ಕಲಿಸದಿದ್ದರೆ ಕೇಳುವವರು ಯಾರು ಎಂಬ ಪ್ರಶ್ನೆಗೆ ಲಿಖಿತ ಉತ್ತರವಿದ್ದಲ್ಲಿ ಅದು ಶಿಕ್ಷಣವಾಗಿದೆ. ಉತ್ತರವಿಲ್ಲದ ಕಡೆ ಅಗ್ಗದ ದುಡಿಮೆಯಾಗಿದೆ.

ಜರ್ಮನಿಯಲ್ಲಿ ಇದು ಆ ಕಾಲದಲ್ಲೇ ಹುಟ್ಟಿದ್ದಕ್ಕೆ ಕಾರಣವಿದೆ. 1960ರ ದಶಕದಲ್ಲಿ ಆ ದೇಶ ಉನ್ನತ ಶಿಕ್ಷಣವನ್ನು ವೇಗವಾಗಿ ಹಿಗ್ಗಿಸಿತು. 1968ರ ನಂತರ ಹಳೆಯ ಎಂಜಿನಿಯರಿಂಗ್ ಶಾಲೆಗಳೆಲ್ಲ ‘ಫಾಖ್‌ಹೋಖ್‌ಶೂಲೆ’ ಎಂಬ ಉನ್ನತ ವಿದ್ಯಾಸಂಸ್ಥೆಗಳಾದವು. ಹದಿನಾರಕ್ಕೆ ಅಪ್ರೆಂಟಿಸ್ ಆಗಿ ಸೇರಿ, ಲೇತ್ ಮುಂದೆ ನಿಂತು, ಆಮೇಲೆ ಎಂಜಿನಿಯರ್ ಆಗುತ್ತಿದ್ದ ಹಳೆಯ ಮೆಟ್ಟಿಲು ಕಳಚಿತು. ಚುರುಕಾದ ಮಕ್ಕಳು ಶಾಲೆ ಮುಗಿಸಿ ನೇರ ವಿಶ್ವವಿದ್ಯಾಲಯಕ್ಕೆ ಹೋದರೆ ನಮ್ಮ ಶಾಪ್‌ಫ್ಲೋರ್ ಗೊತ್ತಿರುವ ಎಂಜಿನಿಯರುಗಳನ್ನು ಎಲ್ಲಿಂದ ತರುವುದು ಎಂದು ಕಂಪನಿಗಳು ಚಿಂತಿಸಿದವು. ಪದವಿಯ ಆಕರ್ಷಣೆ ಮತ್ತು ಕಸುಬಿನ ಹಿಡಿತ ಎರಡನ್ನೂ ಒಂದೇ ಕಡೆ ಕಟ್ಟಿಕೊಡಲು ಅವು ಕಂಡುಕೊಂಡ ದಾರಿ ಈ ಜೋಡಿ ವ್ಯಾಸಂಗ. ಅಂದರೆ ಇದರ ಮೂಲದಲ್ಲೇ ಕಂಪನಿಯ ಹಿತಾಸಕ್ತಿ ಇದೆ. ಅದನ್ನು ಮರೆತು ಇದನ್ನು ವಿದ್ಯಾರ್ಥಿಗಳ ಕಲ್ಯಾಣ ಯೋಜನೆ ಎಂದು ವರ್ಣಿಸುವವರು ಮುಂದಿನ ತೊಡಕುಗಳನ್ನೂ ಕಾಣಲಾರರು.

ವ್ಯವಸ್ಥೆ ನಡೆಯುವ ರೀತಿ ನಮ್ಮ ರೂಢಿಗೆ ತೀರಾ ತಿರುಗುಮುರುಗು. ಇಲ್ಲಿ ಮೊದಲು ಸೀಟು, ಕೊನೆಗೆ ಕೆಲಸ. ಅಲ್ಲಿ ಮೊದಲು ಕಂಪನಿಗೆ ಅರ್ಜಿ ಹಾಕಬೇಕು, ಸಂದರ್ಶನ ಎದುರಿಸಬೇಕು, ಮೂರು ವರ್ಷದ ಒಪ್ಪಂದಕ್ಕೆ ಸಹಿ ಹಾಕಬೇಕು. ಆಮೇಲೆ ವಿಶ್ವವಿದ್ಯಾಲಯದಲ್ಲಿ ಸೀಟು. ಬಾಡೆನ್-ವುರ್ಟೆಂಬರ್ಗ್‌ನಲ್ಲಿ ಮೂರು ತಿಂಗಳು ತರಗತಿ, ಮೂರು ತಿಂಗಳು ಕಂಪನಿ ಎಂಬ ಸರದಿ ಇಂದಿಗೂ ನಡೆದಿದೆ. ತರಗತಿ ಚಿಕ್ಕದು, ಸುಮಾರು ಮೂವತ್ತು ಮಂದಿ. ಕಂಪನಿಯಲ್ಲಿ ಕಳೆದ ಅವಧಿಗೂ ಕ್ರೆಡಿಟ್ ಇದೆ. ಅದಕ್ಕೆ ಪ್ರಾಜೆಕ್ಟ್ ವರದಿ ಬರೆಯಬೇಕು, ಅದನ್ನು ಪ್ರಾಧ್ಯಾಪಕರು ತಿದ್ದಬೇಕು. ಆ ಕ್ರೆಡಿಟ್‌ಗಳೂ ಸೇರಿ ಮೂರು ವರ್ಷಕ್ಕೆ 210 ಆಗುತ್ತವೆ. ಯುರೋಪಿನ ಸಾಮಾನ್ಯ ಮೂರು ವರ್ಷದ ಪದವಿಗೆ 180. ಈ ಹೆಚ್ಚುವರಿ ಮೂವತ್ತರ ಹಿಂದೆ ವಿದ್ಯಾರ್ಥಿಯ ಬೆವರಿದೆ. ಬೇರೆ ವಿದ್ಯಾರ್ಥಿಗಳಿಗೆ ಸೆಮಿಸ್ಟರ್ ನಡುವೆ ವಾರಗಟ್ಟಲೆ ಬಿಡುವಿದ್ದರೆ ಇವರಿಗೆ ನೌಕರರಂತೆ ವರ್ಷಕ್ಕೆ ನಾಲ್ಕೈದು ವಾರ ರಜೆ, ಅದೂ ಕಂಪನಿ ಒಪ್ಪಿದಾಗ.

ಇದರಲ್ಲಿ ಎರಡು ಮುಖ್ಯ ಬಗೆಗಳಿವೆ. ಒಂದರಲ್ಲಿ ಪದವಿಯ ಜೊತೆಗೆ ಪೂರ್ಣ ಅಪ್ರೆಂಟಿಸ್‌ಶಿಪ್ಪನ್ನೂ ಮುಗಿಸಿ ವಾಣಿಜ್ಯೋದ್ಯಮ ಮಂಡಳಿಯ ಪರೀಕ್ಷೆ ಪಾಸು ಮಾಡುತ್ತಾರೆ. ಕೈಯಲ್ಲಿ ಎರಡು ಪ್ರಮಾಣಪತ್ರ. ಇನ್ನೊಂದರಲ್ಲಿ ಪದವಿ ಮಾತ್ರ. ಕಂಪನಿಯ ಅವಧಿ ಆ ಪದವಿಯ ಅಂಗ. ಕೇಳಲು ಇದು ಆಡಳಿತದ ಸಣ್ಣ ವಿಂಗಡಣೆಯಂತಿದೆ. ಆದರೆ ಕಾನೂನಿನ ಕಣ್ಣಲ್ಲಿ ಇವೆರಡರ ನಡುವೆ ಕಂದಕವೇ ಇದೆ.

ಮೊದಲನೆಯ ಬಗೆಯ ವಿದ್ಯಾರ್ಥಿ ಅಪ್ರೆಂಟಿಸ್ ಕೂಡ ಆಗಿರುವುದರಿಂದ ವೃತ್ತಿತರಬೇತಿ ಕಾಯ್ದೆಯ ರಕ್ಷಣೆ ಅವನಿಗೆ ಸಿಗುತ್ತದೆ. ಏನು ಕಲಿಸಬೇಕು ಎಂಬುದಕ್ಕೆ ದೇಶಕ್ಕೆಲ್ಲ ಒಂದೇ ಪಠ್ಯಕ್ರಮ, 2020ರಿಂದ ಶಾಸನಬದ್ಧ ಕನಿಷ್ಠ ಭತ್ಯೆ, ತಕರಾರಿದ್ದರೆ ಮಂಡಳಿಯ ಬಾಗಿಲು. ಎರಡನೆಯ ಬಗೆಯವನಿಗೆ ಇದಾವುದೂ ಇಲ್ಲ. ಅವನ ಕಂಪನಿ ಅವಧಿ ಪದವಿಯ ಭಾಗ, ಆದ್ದರಿಂದ ಅದು ವಿಶ್ವವಿದ್ಯಾಲಯದ ವಿಷಯ ಎಂದು ನ್ಯಾಯಾಲಯಗಳು ಹೇಳಿವೆ. ಪದವಿಗೆ ಕಡ್ಡಾಯವಾದ ತರಬೇತಿಗೆ ಕನಿಷ್ಠ ವೇತನ ಕಾಯ್ದೆಯೂ ಅನ್ವಯಿಸುವುದಿಲ್ಲ. 2009ರ ಡಿಸೆಂಬರ್‌ನಲ್ಲಿ ಫೆಡರಲ್ ಸಾಮಾಜಿಕ ನ್ಯಾಯಾಲಯ ಇಂಥ ವಿದ್ಯಾರ್ಥಿಗಳು ಸಾಮಾಜಿಕ ವಿಮೆಯ ವ್ಯಾಪ್ತಿಗೆ ಬರುವ ನೌಕರರಲ್ಲ ಎಂದು ತೀರ್ಪಿತ್ತಾಗ ಸಾವಿರಾರು ಜನರ ಪಿಂಚಣಿ ಮತ್ತು ನಿರುದ್ಯೋಗ ವಿಮೆಯ ಲೆಕ್ಕ ತಲೆಕೆಳಗಾಯಿತು. ಸಂಸತ್ತು ಕಾನೂನು ತಿದ್ದಿ, 2012ರ ಜನವರಿಯಿಂದ ಎರಡೂ ಬಗೆಯವರನ್ನು ವಿಮೆಯ ಮಟ್ಟಿಗೆ ಸಮಾನರನ್ನಾಗಿ ಮಾಡಬೇಕಾಯಿತು. ಉಳಿದ ಅಂತರ ಹಾಗೆಯೇ ಇದೆ. ಲೋಹ ಕಾರ್ಮಿಕರ ಸಂಘ ಐಜಿ ಮೆಟಾಲ್ ಮತ್ತು ಸೇವಾವಲಯದ ಸಂಘ ವೆರ್ಡಿ ಈ ವಿದ್ಯಾರ್ಥಿಗಳನ್ನೂ ವೃತ್ತಿತರಬೇತಿ ಕಾಯ್ದೆಯೊಳಗೆ ತನ್ನಿ ಎಂದು ಒತ್ತಾಯಿಸುತ್ತಲೇ ಬಂದಿವೆ. ನ್ಯಾಯ ಅವರ ಕಡೆಗಿದೆ ಎಂದೇ ನನಗನಿಸುತ್ತದೆ. ಒಂದೇ ಕಂಪನಿಯ ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬಳಿಗೆ ತರಬೇತಿ ಹಕ್ಕಾಗಿ, ಇನ್ನೊಬ್ಬಳಿಗೆ ಅದು ಕಂಪನಿಯ ಔದಾರ್ಯವಾಗಿ ಉಳಿಯಬಾರದು.

2013ರಲ್ಲಿ ಜರ್ಮನಿಯ ವಿಜ್ಞಾನ ಮಂಡಳಿ ಈ ಇಡೀ ವ್ಯವಸ್ಥೆಯನ್ನು ಪರಿಶೀಲಿಸಿ ವರದಿ ಕೊಟ್ಟಿತು. ಅದರ ತಿರುಳು ನೇರವಾಗಿದೆ: ಎರಡು ಕಡೆ ಸಮಯ ಕಳೆದ ಮಾತ್ರಕ್ಕೆ ಅದು ಜೋಡಿ ವ್ಯಾಸಂಗವಾಗದು. ತರಗತಿಯ ವಿಷಯಕ್ಕೂ ಕಂಪನಿಯ ಕೆಲಸಕ್ಕೂ ವಿಷಯದ ಮಟ್ಟದಲ್ಲಿ, ಸಂಸ್ಥೆಯ ಮಟ್ಟದಲ್ಲಿ ಕೊಂಡಿ ಇರಬೇಕು. ವಿಶ್ವವಿದ್ಯಾಲಯದ ಅಧ್ಯಯನದ ಗುಣಮಟ್ಟ ಕುಗ್ಗಬಾರದು. ಈ ಕೊಂಡಿ ಇಲ್ಲದ ಕೋರ್ಸ್‌ಗಳು ಆಗಲೇ ಸಾಕಷ್ಟು ಹುಟ್ಟಿಕೊಂಡಿದ್ದವು. ವಾರದಲ್ಲಿ ಮೂರು ದಿನ ಕಚೇರಿ, ಎರಡು ದಿನ ಆನ್‌ಲೈನ್ ಪಾಠ, ಅದಕ್ಕೊಂದು ಪದವಿ ಎನ್ನುವ ಬಗೆಯ ಖಾಸಗಿ ವಿಶ್ವವಿದ್ಯಾಲಯಗಳು ಈಗ ಜರ್ಮನಿಯಲ್ಲೂ ವೇಗವಾಗಿ ಬೆಳೆಯುತ್ತಿವೆ. ಅಲ್ಲಿ ಬೋಧನಾ ಶುಲ್ಕವನ್ನು ಕಂಪನಿಯೇ ಕಟ್ಟುತ್ತದೆ. ವಿಶ್ವವಿದ್ಯಾಲಯದ ಗ್ರಾಹಕ ಕಂಪನಿ ಆದಾಗ, ಕಂಪನಿ ಸರಿಯಾಗಿ ಕಲಿಸುತ್ತಿಲ್ಲ ಎಂದು ಹೇಳುವ ಧೈರ್ಯ ಆ ವಿಶ್ವವಿದ್ಯಾಲಯಕ್ಕೆ ಎಲ್ಲಿಂದ ಬರಬೇಕು?

ಕಲಿಸುವವರ ವಿಷಯದಲ್ಲಿ ಜರ್ಮನಿಯೇ ಮಾಡಿ ನೋಡಿದ ಒಂದು ಪ್ರಯೋಗವಿದೆ, ಅದನ್ನು ನಮ್ಮ ನೀತಿ ರೂಪಿಸುವವರು ಗಮನಿಸಬೇಕು. ಕಂಪನಿಯಲ್ಲಿ ಅಪ್ರೆಂಟಿಸ್‌ಗಳಿಗೆ ಕಲಿಸುವವರಿಗೆ ಕಸುಬು ಗೊತ್ತಿದ್ದರೆ ಸಾಲದು. ಕಲಿಸಲು ಬರುತ್ತದೆಯೇ ಎಂಬುದನ್ನು ಪರೀಕ್ಷಿಸಿ ಅರ್ಹತೆ ಕೊಡುವ ನಿಯಮ ಅಲ್ಲಿ 1972ರಿಂದ ಇದೆ. ತರಬೇತಿ ಕೊಡುವ ಕಂಪನಿಗಳ ಸಂಖ್ಯೆ ಇಳಿಯುತ್ತಿದೆ, ಈ ಪರೀಕ್ಷೆಯ ರಗಳೆ ತೆಗೆದರೆ ಹೆಚ್ಚು ಕಂಪನಿಗಳು ಮುಂದೆ ಬಂದಾವು ಎಂದುಕೊಂಡು 2003ರಲ್ಲಿ ಸರ್ಕಾರ ಅದನ್ನು ಅಮಾನತಿನಲ್ಲಿಟ್ಟಿತು. ಆರು ವರ್ಷ ಹಾಗೆ ನಡೆಯಿತು. ಅರ್ಹ ತರಬೇತುದಾರರಿಲ್ಲದ ಕಂಪನಿಗಳಲ್ಲಿ ಅರ್ಧಕ್ಕೆ ಬಿಡುವವರು ಹೆಚ್ಚುತ್ತಿದ್ದಾರೆ, ಗುಣಮಟ್ಟ ಕುಸಿಯುತ್ತಿದೆ ಎಂಬ ದೂರು ವಾಣಿಜ್ಯೋದ್ಯಮ ಮಂಡಳಿಗಳಿಂದಲೇ ಬಂತು. 2009ರ ಆಗಸ್ಟ್‌ನಲ್ಲಿ ನಿಯಮ ಮರಳಿ ಜಾರಿಯಾಯಿತು. ನಿಯಮ ಸಡಿಲಿಸಿದರೆ ಅವಕಾಶ ಹೆಚ್ಚುತ್ತದೆ ಎಂಬ ವಾದವನ್ನು ನಾವು ಇಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಅದನ್ನು ಮಾಡಿ ನೋಡಿದ ದೇಶ ಆರೇ ವರ್ಷಕ್ಕೆ ಹಿಂದೆ ಸರಿದಿದೆ.

ಇನ್ನು ಬಾಂಡ್. ಓದು ಮುಗಿದ ಮೇಲೆ ಇಂತಿಷ್ಟು ವರ್ಷ ಅದೇ ಕಂಪನಿಯಲ್ಲಿ ದುಡಿಯಬೇಕು, ಇಲ್ಲವಾದರೆ ಕಂಪನಿ ಖರ್ಚು ಮಾಡಿದ ಹಣವನ್ನು ಹಿಂತಿರುಗಿಸಬೇಕು ಎಂಬ ಷರತ್ತು ಜರ್ಮನಿಯಲ್ಲೂ ಸಾಮಾನ್ಯ. ಷರತ್ತು ವಿದ್ಯಾರ್ಥಿಯನ್ನು ಅತಿಯಾಗಿ ಕಟ್ಟಿಹಾಕುತ್ತದೆ ಎಂದು ಕಂಡರೆ ಅಲ್ಲಿನ ಕಾರ್ಮಿಕ ನ್ಯಾಯಾಲಯಗಳು ಅದನ್ನು ರದ್ದು ಮಾಡುತ್ತವೆ. ಬಾಂಡ್ ಇಲ್ಲದ ಕಡೆಯೂ ಕಂಪನಿಯ ಕೈಯಲ್ಲೇ ಜುಟ್ಟು ಇರುತ್ತದೆ: ಕಂಪನಿ ದಿವಾಳಿಯಾದರೆ, ಅಥವಾ ಒಪ್ಪಂದ ಮುರಿದುಬಿದ್ದರೆ, ವಿದ್ಯಾರ್ಥಿ ಸ್ವಲ್ಪ ಸಮಯದಲ್ಲೇ ಬೇರೊಂದು ಕಂಪನಿ ಹುಡುಕಿಕೊಳ್ಳಬೇಕು. ಸಿಗದಿದ್ದರೆ ಸೀಟೂ ಹೋಗುತ್ತದೆ.

ಇಷ್ಟೆಲ್ಲ ಇದ್ದರೂ ಅಲ್ಲಿನ ಮಕ್ಕಳು ಈ ಓದಿಗೆ ಸಾಲುಗಟ್ಟಿ ನಿಲ್ಲುವುದು ಸುಮ್ಮನೆ ಅಲ್ಲ. ತಿಂಗಳಿಗೆ ಸಾವಿರ ಯೂರೊ ಆಸುಪಾಸಿನ, ದೊಡ್ಡ ಕಂಪನಿಗಳಲ್ಲಿ ಅದಕ್ಕೂ ಹೆಚ್ಚಿನ ಸಂಬಳ ಬರುತ್ತದೆ. ಸಾಲವಿಲ್ಲದೆ ಪದವಿ ಮುಗಿಯುತ್ತದೆ, ಮುಗಿಸಿದವರಲ್ಲಿ ಬಹುಪಾಲು ಮಂದಿಗೆ ಅಲ್ಲೇ ಕೆಲಸ ಸಿಗುತ್ತದೆ. ಅಪ್ಪ-ಅಮ್ಮ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಮನೆಯಲ್ಲಿ ‘ಓದಿ ಏನು ಮಾಡುತ್ತೀಯ’ ಎಂಬ ಪ್ರಶ್ನೆಗೆ ಮೊದಲ ತಿಂಗಳಲ್ಲೇ ಉತ್ತರ ಸಿಕ್ಕಂತಾಗುತ್ತದೆ. ಕಲಿಕೆಯ ದೃಷ್ಟಿಯಿಂದಲೂ ಲಾಭವಿದೆ. ಲೆಕ್ಕಶಾಸ್ತ್ರದ ತರಗತಿಯಲ್ಲಿ ಸವಕಳಿಯ ಸೂತ್ರ ಓದಿದವಳು ಮರು ತಿಂಗಳು ನಿಜವಾದ ಯಂತ್ರದ ನಿಜವಾದ ಪುಸ್ತಕಬೆಲೆಯನ್ನು ಬರೆಯುವಾಗ ಆ ಸೂತ್ರ ಮನಸ್ಸಿನಲ್ಲಿ ಬೇರೆಯೇ ರೀತಿ ಕೂರುತ್ತದೆ. ಇದು ಎಂಜಿನಿಯರಿಂಗ್, ವಾಣಿಜ್ಯಕ್ಕಷ್ಟೇ ಸೀಮಿತವೂ ಅಲ್ಲ. ಬಾಡೆನ್-ವುರ್ಟೆಂಬರ್ಗ್‌ನಲ್ಲಿ ಸಮಾಜಕಾರ್ಯವನ್ನೂ ಹೀಗೆಯೇ ಕಲಿಸುತ್ತಾರೆ. ಅಲ್ಲಿ ‘ಕಂಪನಿ’ ಎಂದರೆ ಮಕ್ಕಳ ಕಲ್ಯಾಣ ಕಚೇರಿ, ಆಸ್ಪತ್ರೆ, ಅಂಗವಿಕಲರ ಆಶ್ರಯಧಾಮ.

ಜರ್ಮನಿಗಿಂತ ಮೊದಲೇ ಇದನ್ನು ಮಾಡಿದವರು ಅಮೆರಿಕದಲ್ಲಿದ್ದರು. 1906ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದ ಹರ್ಮನ್ ಶ್ನೈಡರ್ 27 ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಜೋಡಿಗಳಾಗಿ ಮಾಡಿ, ಒಬ್ಬ ತರಗತಿಯಲ್ಲಿದ್ದ ವಾರ ಇನ್ನೊಬ್ಬ ಕಾರ್ಖಾನೆಯಲ್ಲಿ ಅವನ ಜಾಗದಲ್ಲಿ ನಿಲ್ಲುವಂತೆ ಏರ್ಪಾಡು ಮಾಡಿದರು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ಇದೇ ತತ್ವದ ಮೇಲೆ ಹುಟ್ಟಿತು. ಬ್ರಿಟನ್ 2015ರಲ್ಲಿ ‘ಡಿಗ್ರಿ ಅಪ್ರೆಂಟಿಸ್‌ಶಿಪ್’ ತಂದಿತು. 2017ರಿಂದ ದೊಡ್ಡ ಕಂಪನಿಗಳ ಸಂಬಳದ ಮೊತ್ತದ ಮೇಲೆ ಶೇ 0.5ರಷ್ಟು ತೆರಿಗೆ ಹಾಕಿ ಅದಕ್ಕೆ ಹಣ ಹೊಂದಿಸಿತು. ಶುಲ್ಕವಿಲ್ಲದ ಪದವಿ ಬಡ ಮನೆಗಳಿಗೆ ತಲುಪುತ್ತದೆ ಎಂಬ ನಿರೀಕ್ಷೆಯಿತ್ತು. ಆದರೆ ಅನುಕೂಲಸ್ಥ ಬಡಾವಣೆಗಳ ಮಕ್ಕಳೇ ಈ ಸೀಟುಗಳನ್ನು ಹೆಚ್ಚಾಗಿ ಹಿಡಿಯುತ್ತಿದ್ದಾರೆ ಎಂದು ಅಲ್ಲಿನ ಸಟನ್ ಟ್ರಸ್ಟ್ ಎಂಬ ದತ್ತಿಸಂಸ್ಥೆ ಎಚ್ಚರಿಸಿದೆ. ಆಯ್ಕೆಯ ಅಧಿಕಾರ ಕಂಪನಿಗೆ ಹೋದರೆ ಹೀಗಾಗುವುದು ಸಹಜ. ಸಂದರ್ಶನದಲ್ಲಿ ಚೆನ್ನಾಗಿ ಮಾತಾಡುವುದನ್ನು ಮನೆಯೇ ಕಲಿಸಿಕೊಟ್ಟವರು ಅಲ್ಲಿ ಮುಂದಿರುತ್ತಾರೆ.

ಫ್ರಾನ್ಸಿನ ಕತೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. 1987ರ ಕಾಯ್ದೆಯೊಂದು ಅಲ್ಲಿ ಅಪ್ರೆಂಟಿಸ್‌ಶಿಪ್ಪನ್ನು ಉನ್ನತ ಶಿಕ್ಷಣಕ್ಕೂ ತೆರೆಯಿತು. 2018ರ ಸುಧಾರಣೆ ನಿಯಮಗಳನ್ನು ಸಡಿಲಿಸಿತು. 2020ರಲ್ಲಿ ಕೋವಿಡ್ ಬಂದಾಗ ಸರ್ಕಾರ, ವಯಸ್ಕ ಅಪ್ರೆಂಟಿಸ್ ಒಬ್ಬರನ್ನು ತೆಗೆದುಕೊಂಡ ಕಂಪನಿಗೆ 8,000 ಯೂರೊ ಸಹಾಯಧನ ಘೋಷಿಸಿತು. ನಾಲ್ಕು ಲಕ್ಷ ಚಿಲ್ಲರೆ ಇದ್ದ ಅಪ್ರೆಂಟಿಸ್‌ಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಹತ್ತು ಲಕ್ಷ ಮುಟ್ಟಿತು. ಹೆಚ್ಚಳದ ದೊಡ್ಡ ಪಾಲು ಉನ್ನತ ಶಿಕ್ಷಣದಲ್ಲೇ ಆಯಿತು. ಖರ್ಚು ಖಜಾನೆಗೆ ಭಾರವಾಯಿತು. ಹೇಗಿದ್ದರೂ ಕೆಲಸ ಸಿಗುತ್ತಿದ್ದ ಎಂ.ಬಿ.ಎ. ವಿದ್ಯಾರ್ಥಿಗೆ ಸರ್ಕಾರದ ಹಣ ಏಕೆ ಎಂಬ ಪ್ರಶ್ನೆ ಎದ್ದಿತು. ಸಹಾಯಧನ ಮೊದಲು 6,000ಕ್ಕೆ ಇಳಿಯಿತು, 2025ರಲ್ಲಿ ಸಣ್ಣ ಕಂಪನಿಗಳಿಗೆ 5,000, ದೊಡ್ಡವಕ್ಕೆ 2,000 ಆಯಿತು. ಹಣ ಸುರಿದು ಹಿಗ್ಗಿಸಿದ್ದು ಹಣ ನಿಂತಾಗ ಕುಗ್ಗುತ್ತದೆ. ಜರ್ಮನಿಯಲ್ಲಿ ಕಂಪನಿಗಳು ಐವತ್ತು ವರ್ಷ ತಮ್ಮ ಜೇಬಿನಿಂದಲೇ ಸಂಬಳ ಕೊಟ್ಟದ್ದಕ್ಕೆ ಕಾರಣ, ಆ ವಿದ್ಯಾರ್ಥಿ ತಮಗೇ ಬೇಕಾದವನು ಎಂಬ ಲೆಕ್ಕ.

ಇನ್ನು ನಮ್ಮ ಮನೆಯ ಮಾತು. ಭಾರತದ ಅಪ್ರೆಂಟಿಸ್ ಕಾಯ್ದೆ 1961ರದ್ದು. 1973ರ ತಿದ್ದುಪಡಿ ಪದವೀಧರ ಮತ್ತು ಡಿಪ್ಲೊಮಾ ಎಂಜಿನಿಯರುಗಳನ್ನು ಅದರೊಳಗೆ ತಂದಿತು. 2019ರ ನಿಯಮಗಳ ಪ್ರಕಾರ ಮೂವತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಪದವಿ ಮಟ್ಟದ ಅಪ್ರೆಂಟಿಸ್‌ಗೆ ಆ ನಿಯಮ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್ ಗೊತ್ತುಮಾಡಿತು. ಅದರಲ್ಲಿ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ದೇವದುರ್ಗದಿಂದ ಬಂದ ಹುಡುಗಿ ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟ, ಬಸ್ ಪಾಸ್ ಕೊಟ್ಟ ಮೇಲೆ ಆ ಮೊತ್ತದಲ್ಲಿ ಮನೆಗೆ ಕಳಿಸಲು ಏನೂ ಉಳಿಯುವುದಿಲ್ಲ. ಮನೆಯಿಂದ ತರಿಸಿಕೊಳ್ಳದೆ ಬದುಕಿದರೆ ಅದೇ ಹೆಚ್ಚು.

ಅದೇ ಕಾಯ್ದೆಯ 18ನೇ ಸೆಕ್ಷನ್, ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವನು, ಕಾರ್ಮಿಕನಲ್ಲ; ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸವು ಎನ್ನುತ್ತದೆ. ಕಾರ್ಖಾನೆಯ ಸುರಕ್ಷತಾ ನಿಯಮಗಳು, ಗಾಯವಾದರೆ ಪರಿಹಾರ, ಇಷ್ಟನ್ನು ಬೇರೆ ಸೆಕ್ಷನ್‌ಗಳು ಕೊಡುತ್ತವೆ. ತರಬೇತಿ ನಿಜವಾಗಿದ್ದರೆ ಈ ವಿನಾಯಿತಿಗೆ ಅರ್ಥವಿದೆ. ತರಬೇತಿಯೇ ಇಲ್ಲದಿದ್ದರೆ ಆ ಹುಡುಗ ವಿದ್ಯಾರ್ಥಿಯೂ ಅಲ್ಲ, ಕಾರ್ಮಿಕನೂ ಅಲ್ಲ. ಯಾವ ಕಚೇರಿಗೂ ಅವನು ಸೇರಿದವನಲ್ಲ. ಇದು ಬರೀ ಊಹೆಯಲ್ಲ. ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಎಐಸಿಟಿಇ 2013ರಲ್ಲಿ ‘ನೀಮ್’ ಎಂಬ ಯೋಜನೆ ತಂದಿತು. ಮಧ್ಯವರ್ತಿ ಸಂಸ್ಥೆಗಳು ಯುವಕರನ್ನು ತರಬೇತಿಯ ಹೆಸರಲ್ಲಿ ಕಂಪನಿಗಳಿಗೆ ಒದಗಿಸಿದವು. ಅವರು ಅಸೆಂಬ್ಲಿ ಲೈನಿನಲ್ಲಿ ಕಾಯಂ ಕಾರ್ಮಿಕರ ಕೆಲಸವನ್ನೇ ಮಾಡುತ್ತಿದ್ದಾರೆ, ಪಿ.ಎಫ್. ಇಲ್ಲ, ಕಲಿಕೆಯೂ ಇಲ್ಲ ಎಂದು ಕಾರ್ಮಿಕ ಸಂಘಗಳು ವರ್ಷಗಟ್ಟಲೆ ದೂರಿದವು. 2022ರ ಕೊನೆಯಲ್ಲಿ ಯೋಜನೆಯನ್ನು ಕೈಬಿಡಲಾಯಿತು. ಅಲ್ಲಿ ಸ್ಟೈಪೆಂಡ್ ಇತ್ತು, ಪ್ರಮಾಣಪತ್ರ ಇತ್ತು. ಕಲಿಸುವ ಹೊಣೆ ಹೊತ್ತವರು ಇರಲಿಲ್ಲ.

ಕರ್ನಾಟಕಕ್ಕೆ ಈ ವಿಷಯ ಹೊಸದೇನಲ್ಲ. ಬಾಷ್ ಸಹಯೋಗದಲ್ಲಿ 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೊ, ಎಚ್‌.ಎಂ.ಟಿ., ಎಚ್‌.ಎ.ಎಲ್‌., ಬಿ.ಇ.ಎಲ್. ಇವುಗಳ ಅಪ್ರೆಂಟಿಸ್ ಶಾಲೆಗಳಲ್ಲಿ ಫೈಲು ಹಿಡಿದು ಲೋಹ ಉಜ್ಜಿದವರು ಒಂದಿಡೀ ತಲೆಮಾರು. ಅವರಲ್ಲಿ ಎಷ್ಟೋ ಮಂದಿ ಹಗಲು ಪಾಳಿ ಮುಗಿಸಿ ಸಂಜೆ ಕಾಲೇಜಿಗೆ ಹೋದರು, ಎಂಜಿನಿಯರಿಂಗ್ ಪದವಿಗೆ ಸಮನಾದ ಎ.ಎಂ.ಐ.ಇ. ಪರೀಕ್ಷೆಗಳನ್ನು ಒಂದೊಂದಾಗಿ ಕಟ್ಟಿ ಎಂಜಿನಿಯರುಗಳಾದರು. ಅವರ ಛಲಕ್ಕೆ ನಾನು ತಲೆಬಾಗುತ್ತೇನೆ. ಆದರೆ ಆ ಓದಿಗೂ ಆ ಕೆಲಸಕ್ಕೂ ಸೇತುವೆ ಕಟ್ಟಿದವರು ಅವರೇ, ಸಂಸ್ಥೆಗಳಲ್ಲ. ಸೇತುವೆಯನ್ನು ಸಂಸ್ಥೆಯೇ ಕಟ್ಟಿದ ಉದಾಹರಣೆ ಬೇಕೆಂದರೆ ಬಿಟ್ಸ್ ಪಿಲಾನಿ 1973ರಲ್ಲಿ ಆರಂಭಿಸಿದ ‘ಪ್ರಾಕ್ಟಿಸ್ ಸ್ಕೂಲ್’ ನೋಡಬೇಕು. ಕಾರ್ಖಾನೆಗೆ ಹೋದ ವಿದ್ಯಾರ್ಥಿಗಳ ಜೊತೆ ಅಲ್ಲಿ ಅಧ್ಯಾಪಕರನ್ನೂ ಇಟ್ಟು ಮೌಲ್ಯಮಾಪನ ಮಾಡಿದ್ದು ಅದರ ಹೆಚ್ಚುಗಾರಿಕೆ. 1995ರಲ್ಲಿ ವಿಪ್ರೊ ಅದೇ ಬಿಟ್ಸ್ ಜೊತೆ ಸೇರಿ ಬಿ.ಎಸ್ಸಿ. ಓದಿದವರನ್ನು ಕೆಲಸಕ್ಕೆ ತೆಗೆದುಕೊಂಡು, ಕೆಲಸದ ಜೊತೆಗೇ ಸ್ನಾತಕೋತ್ತರ ಪದವಿ ಓದಿಸುವ ಏರ್ಪಾಡು ಮಾಡಿತು. ಎಂಜಿನಿಯರಿಂಗ್ ಸೀಟಿಗೆ ದುಡ್ಡಿಲ್ಲದೆ ಊರಿನ ಕಾಲೇಜಿನಲ್ಲಿ ಪಿ.ಸಿ.ಎಂ. ಓದಿದ ಹುಡುಗ-ಹುಡುಗಿಯರಿಗೆ ಸಾಫ್ಟ್‌ವೇರ್ ಲೋಕದ ಬಾಗಿಲು ತೆರೆದ ಈ ಏರ್ಪಾಡಿನ ಬಗ್ಗೆ ಕನ್ನಡದಲ್ಲಿ ಆಗಬೇಕಾದಷ್ಟು ಚರ್ಚೆ ಆಗಿಲ್ಲ. ವಾರದ ಐದು ದಿನ ಕೆಲಸ, ಶನಿವಾರ ಪಾಠ, ಜೊತೆಗೆ ವರ್ಷಗಟ್ಟಲೆ ಕಟ್ಟಿಹಾಕುವ ಸೇವಾ ಕರಾರು ಎಂಬ ಬೆಲೆಯೂ ಅದಕ್ಕಿತ್ತು.

ಇದಕ್ಕೆ ಪೂರ್ತಿ ವಿರುದ್ಧವಾದದ್ದು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಇಂಟರ್ನ್‌ಶಿಪ್ಪಿನ ಈಗಿನ ಸ್ಥಿತಿ. ಪಠ್ಯಕ್ರಮದಲ್ಲಿ ಕಡ್ಡಾಯವಾಗಿದೆ, ಕಂಪನಿಗಳಲ್ಲಿ ಅಷ್ಟು ಜಾಗ ಇಲ್ಲ. ಆ ಅಂತರದಲ್ಲಿ ವಿದ್ಯಾರ್ಥಿಯಿಂದಲೇ ಹಣ ಪಡೆದು ‘ಇಂಟರ್ನ್‌ಶಿಪ್’ ಕೊಡುವ ಅಂಗಡಿಗಳು ತೆರೆದುಕೊಂಡಿವೆ. ಸಂಬಳ ಪಡೆದು ಕಲಿಯಬೇಕಾದವರು ಸರ್ಟಿಫಿಕೇಟಿಗೆ ದುಡ್ಡು ಕಟ್ಟುತ್ತಿದ್ದಾರೆ. ಕಡ್ಡಾಯ ಮಾಡುವುದು ಸುಲಭ, ಜಾಗ ಹುಟ್ಟಿಸುವುದು ಕಷ್ಟ. ಜರ್ಮನಿಯಲ್ಲಿ ಒಪ್ಪಂದ ಮೊದಲು, ಸೀಟು ಆಮೇಲೆ ಎಂಬ ಕ್ರಮ ಇರುವುದರಿಂದ ಈ ಅಂಗಡಿಗೆ ಎಡೆಯೇ ಇಲ್ಲ.

ಈ ಹಿನ್ನೆಲೆಯಲ್ಲಿ ಹೊಸ ಯೋಜನೆಯನ್ನು ನೋಡೋಣ. ಯುಜಿಸಿ 2020ರಲ್ಲಿ ಅಪ್ರೆಂಟಿಸ್‌ಶಿಪ್ ಒಳಗೊಂಡ ಪದವಿಗೆ ಮಾರ್ಗಸೂಚಿ ಹೊರಡಿಸಿತು. 2025ರಲ್ಲಿ ಅದನ್ನು ಪರಿಷ್ಕರಿಸಿ, ಮೂರು ವರ್ಷದ ಪದವಿಯಲ್ಲಿ ಒಂದರಿಂದ ಮೂರು ಸೆಮಿಸ್ಟರ್, ನಾಲ್ಕು ವರ್ಷದ್ದರಲ್ಲಿ ಎರಡರಿಂದ ನಾಲ್ಕು ಸೆಮಿಸ್ಟರ್ ಕಂಪನಿಯಲ್ಲಿ ಕಳೆಯಬಹುದು ಎಂದಿತು. ಕರ್ನಾಟಕದ ಆಯ್ದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 2024-25ರಿಂದ ಇಂಥ ಪದವಿಗಳು ಶುರುವಾಗಿವೆ. ಲಾಜಿಸ್ಟಿಕ್ಸ್, ಇ-ಕಾಮರ್ಸ್, ರೀಟೇಲ್ ಮುಂತಾದ ವಿಷಯಗಳು. ಸರ್ಕಾರಿ ಕಾಲೇಜಿಗೆ ಬರುವವರು ಯಾರೆಂದು ನಮಗೆ ಗೊತ್ತು: ಕೂಲಿ ಮಾಡುವವರ, ಸಣ್ಣ ಹಿಡುವಳಿದಾರರ, ಆಟೊ ಓಡಿಸುವವರ ಮಕ್ಕಳು; ಅದರಲ್ಲೂ ಹೆಣ್ಣುಮಕ್ಕಳು. ಈ ಯೋಜನೆ ಅವರಿಗೆ ತಲುಪಿದ್ದು ನನಗೆ ನಿಜಕ್ಕೂ ಸಂತೋಷ. ಅದೇ ಕಾರಣಕ್ಕೆ ಆತಂಕವೂ ಇದೆ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಡುವುದು ಲಾಜಿಸ್ಟಿಕ್ಸ್ ಪದವಿಯ ಕೊನೆಯ ವರ್ಷವಾಗಿಬಿಟ್ಟರೆ, ಸರಕಿನ ದಾಸ್ತಾನು ಲೆಕ್ಕಾಚಾರವನ್ನಾಗಲಿ ಸಾಗಣೆ ವೆಚ್ಚದ ವಿಶ್ಲೇಷಣೆಯನ್ನಾಗಲಿ ಯಾರೂ ಕಲಿಸದೆ ಹೋದರೆ, ಆ ಹುಡುಗಿಗೆ ಅನ್ಯಾಯವಾಗುತ್ತದೆ. ಮೊದಲ ಎರಡು ವರ್ಷ ಪೂರ್ತಿ ಕಾಲೇಜು, ಕೊನೆಗೆ ಒಂದೇ ಸಲ ಪೂರ್ತಿ ಕಂಪನಿ ಎಂಬ ಜೋಡಣೆ ಈ ಅಪಾಯವನ್ನು ಹೆಚ್ಚಿಸುತ್ತದೆ. ಕಂಪನಿಯಲ್ಲಿ ಎದ್ದ ಪ್ರಶ್ನೆಯನ್ನು ಹಿಡಿದು ಮತ್ತೆ ತರಗತಿಗೆ ಬರುವ ಸರದಿ ಅದರಲ್ಲಿ ಇಲ್ಲವಾಗುತ್ತದೆ. ಸರದಿಯನ್ನು ತರಲು ಹೆಚ್ಚು ಹಣ ಬೇಕಿಲ್ಲ, ವೇಳಾಪಟ್ಟಿ ಬದಲಿಸುವ ಮನಸ್ಸು ಬೇಕು.

ಜರ್ಮನಿಗೆ ಓದಲು ಹೋಗುವ ಕನ್ನಡದ ಮಕ್ಕಳಿಗೂ ಇಲ್ಲೊಂದು ಮಾತು. ಭಾರತೀಯರು ಈಗ ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಅತಿ ದೊಡ್ಡ ಗುಂಪು. 2023-24ರಲ್ಲಿ ಅವರ ಸಂಖ್ಯೆ 49 ಸಾವಿರ ದಾಟಿತ್ತು. ಇವರಲ್ಲಿ ಹೆಚ್ಚಿನವರು ಇಂಗ್ಲಿಷಿನಲ್ಲಿ ಎಂ.ಎಸ್. ಓದುತ್ತ ‘ವೆರ್ಕ್‌ಸ್ಟುಡೆಂಟ್’ ಆಗಿ ವಾರಕ್ಕೆ ಇಪ್ಪತ್ತು ಗಂಟೆ ದುಡಿಯುತ್ತಾರೆ. ಏಜೆಂಟರು ಕೆಲವೊಮ್ಮೆ ಇದನ್ನೂ ಜೋಡಿ ವ್ಯಾಸಂಗವನ್ನೂ ಒಂದೇ ಎಂಬಂತೆ ಹೇಳುತ್ತಾರೆ. ಎರಡೂ ಬೇರೆ. ವೆರ್ಕ್‌ಸ್ಟುಡೆಂಟ್ ಕೆಲಸಕ್ಕೂ ಪದವಿಗೂ ಸಂಬಂಧ ಇರಲೇಬೇಕೆಂದಿಲ್ಲ, ಅದು ಸಿಗುತ್ತದೆಂಬ ಖಾತರಿಯೂ ಇಲ್ಲ. ಜೋಡಿ ವ್ಯಾಸಂಗ ಬಹುತೇಕ ಜರ್ಮನ್ ಭಾಷೆಯಲ್ಲಿದೆ. ಕಂಪನಿಯ ಸಂದರ್ಶನವೂ ಅದೇ ಭಾಷೆಯಲ್ಲಿ, ಹೊರಡುವ ಮೊದಲೇ. ಪಿ.ಯು. ಮುಗಿಸಿ ಆ ದಾರಿ ಹಿಡಿಯಬೇಕೆನ್ನುವವರು ಭಾಷೆಗೆಂದೇ ಎರಡು ವರ್ಷ ಎತ್ತಿಡಬೇಕು.

ಕರ್ನಾಟಕದಲ್ಲಿ ಈ ಪದವಿಗಳು ಬೆಂಗಳೂರಿನ ಸುತ್ತ ಗಿರಕಿ ಹೊಡೆಯದೆ ಹರಡಬೇಕಾದರೆ ಕಂಪನಿಗಳೆಲ್ಲಿವೆ ಎಂಬ ಆಕ್ಷೇಪ ಬರುತ್ತದೆ. ಬಾಡೆನ್-ವುರ್ಟೆಂಬರ್ಗ್‌ನ ಜೋಡಿ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳು ಸ್ಟುಟ್‌ಗಾರ್ಟ್‌ನಲ್ಲಿ ಮಾತ್ರ ಇಲ್ಲ. ಹೈಡೆನ್‌ಹೈಮ್, ಮೋಸ್‌ಬಾಖ್, ಲೊರಾಖ್‌ಗಳಲ್ಲೂ ಇವೆ. ಮೋಸ್‌ಬಾಖ್ ನಮ್ಮ ಒಂದು ಚಿಕ್ಕ ತಾಲ್ಲೂಕು ಕೇಂದ್ರದಷ್ಟು ಊರು. ಸುತ್ತಲಿನ ಮಧ್ಯಮ ಗಾತ್ರದ ಕುಟುಂಬ ಕಂಪನಿಗಳು, ಉಳಿತಾಯ ಬ್ಯಾಂಕುಗಳು, ಆಡಳಿತ ಕಚೇರಿಗಳು ಅಲ್ಲಿ ತರಬೇತಿ ಕೊಡುತ್ತವೆ. ರಾಯಚೂರಿನಲ್ಲಿ ಉಷ್ಣ ವಿದ್ಯುತ್ ಸ್ಥಾವರ, ಹತ್ತಿ ಜಿನ್ನಿಂಗ್ ಮಿಲ್ಲುಗಳು, ಅಕ್ಕಿ ಗಿರಣಿಗಳಿವೆ. ಬೆಳಗಾವಿ ಮತ್ತು ಶಿವಮೊಗ್ಗದಲ್ಲಿ ಫೌಂಡ್ರಿಗಳಿವೆ. ಬಹುತೇಕ ಎಲ್ಲ ಜಿಲ್ಲೆಗಳಲ್ಲೂ ಹಾಲು ಒಕ್ಕೂಟದ ಘಟಕ, ಸಹಕಾರಿ ಬ್ಯಾಂಕು, ಎಸ್ಕಾಂ ಕಚೇರಿ, ಸಾರಿಗೆ ನಿಗಮದ ಡಿಪೊ ಇದೆ. ಹಾಲು ಒಕ್ಕೂಟದ ಶೀತಲೀಕರಣ ಘಟಕದಲ್ಲಿ ಬಿ.ಎಸ್ಸಿ. ಹುಡುಗಿಗೆ ಕಲಿಯಲು ಇರುವ ರಸಾಯನಶಾಸ್ತ್ರ ಕಾಲೇಜಿನ ಪ್ರಯೋಗಾಲಯದಲ್ಲಿರುವುದಕ್ಕಿಂತ ಕಡಿಮೆಯದೇನಲ್ಲ. ಊರು ಬಿಡಬೇಕಿಲ್ಲವಾದ್ದರಿಂದ ಸ್ಟೈಪೆಂಡೂ ಕೈಯಲ್ಲಿ ಉಳಿಯುತ್ತದೆ.

ಸಣ್ಣ ಉದ್ಯಮಕ್ಕೆ ತಾನೊಂದೇ ಪೂರ್ತಿ ಪಠ್ಯ ಕಲಿಸುವ ಶಕ್ತಿ ಇರುವುದಿಲ್ಲ, ನಿಜ. ಜರ್ಮನಿಯಲ್ಲಿ ಹತ್ತಾರು ಸಣ್ಣ ಕಂಪನಿಗಳು ಕೂಡಿ ಒಬ್ಬ ತರಬೇತುದಾರನನ್ನು, ಒಂದು ಸಾಮಾನ್ಯ ಕಾರ್ಯಾಗಾರವನ್ನು ಇಟ್ಟುಕೊಳ್ಳುವ ಪದ್ಧತಿಯಿದೆ. ನಮ್ಮಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಟೂಲ್‌ರೂಮ್ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಈಗ ಬಹುತೇಕ ಜಿಲ್ಲೆಗಳಿಗೆ ಹರಡಿದೆ. ಶಿವಮೊಗ್ಗದ ಫೌಂಡ್ರಿಗಳು ಒಟ್ಟಾಗಿ ಜಿಟಿಟಿಸಿಯ ಯಂತ್ರಗಳನ್ನು, ಒಬ್ಬ ಕಾಯಂ ತರಬೇತುದಾರರನ್ನು ಹಂಚಿಕೊಂಡು, ಹತ್ತಿರದ ಸರ್ಕಾರಿ ಕಾಲೇಜಿನ ಇಪ್ಪತ್ತು ವಿದ್ಯಾರ್ಥಿಗಳನ್ನು ಮೂರು ತಿಂಗಳ ಸರದಿಯಲ್ಲಿ ತೆಗೆದುಕೊಳ್ಳಲು ಬೇಕಾದ ಸಾಮಗ್ರಿಯೆಲ್ಲ ಅಲ್ಲೇ ಇದೆ. ಬೇಕಿರುವುದು ಕಾಲೇಜು, ಕಂಪನಿ, ವಿದ್ಯಾರ್ಥಿ ಮೂವರೂ ಸಹಿ ಮಾಡುವ ಒಂದು ಒಪ್ಪಂದಪತ್ರ. ಪ್ರತಿ ಸೆಮಿಸ್ಟರಿಗೆ ಏನು ಕಲಿಸುತ್ತೇವೆ, ಕಲಿಸುವವರ ಹೆಸರೇನು, ತಕರಾರಿದ್ದರೆ ಯಾರ ಬಳಿ ಹೋಗಬೇಕು, ಕಂಪನಿ ಮುಚ್ಚಿದರೆ ಸೀಟಿನ ಗತಿಯೇನು ಎಂಬುದು ಅದರಲ್ಲಿ ಕನ್ನಡದಲ್ಲಿ ಬರೆದಿರಬೇಕು. ಅದರ ಒಂದು ಪ್ರತಿ ವಿದ್ಯಾರ್ಥಿಯ ಮನೆಗೆ ಹೋಗಬೇಕು.